ತಿಳಿನೀರಿನಲ್ಲಿ ಎರೆಯ ಬಣ್ಣ: ಸ್ಮಾಲ್‌ಮೌತ್ ಬಾಸ್ ಮೀನಿನ ದೃಷ್ಟಿಯ ನೆಲೆಯಿಂದ ಒಂದು ಪರಿಶೀಲನೆ

ಉತ್ತರ ಅಮೆರಿಕದ ಮಹಾ ಸರೋವರಗಳ ಆಸುಪಾಸಿನಲ್ಲಿ ಗಾಳದ ಸಾಮಾನು ಮಾರುವ ಅಂಗಡಿಗಳಲ್ಲಿ ಒಂದೇ ಅಚ್ಚಿನ ಪ್ಲಾಸ್ಟಿಕ್ ಎರೆ ಹತ್ತಾರು ಬಣ್ಣಗಳಲ್ಲಿ ತೂಗುತ್ತಿರುತ್ತದೆ. ಯಾವುದನ್ನು ಕೊಳ್ಳಬೇಕೆಂಬುದು ಗಾಳ ಹಾಕುವವರ ಪ್ರಶ್ನೆ. ಆ ಹತ್ತಾರು ಬಣ್ಣಗಳಲ್ಲಿ ಮೀನಿಗೆ ಬೇರೆಬೇರೆಯಾಗಿ ಕಾಣುವುದು ಎಷ್ಟು ಎಂಬುದು ಈ ಲೇಖನದ ಪ್ರಶ್ನೆ. ತಿಳಿನೀರಿನಲ್ಲಿ ಎರೆಯ ಬಣ್ಣಕ್ಕೆ ಎರಡು ಕೆಲಸಗಳಿವೆ: ದೂರದಿಂದ ಕಣ್ಣಿಗೆ ಬೀಳುವುದು, ಹತ್ತಿರ ಬಂದ ಮೀನಿಗೆ ಅನುಮಾನ ಹುಟ್ಟಿಸದಿರುವುದು. ಮೊದಲನೆಯದು ಬಹುಮಟ್ಟಿಗೆ ಹೊಳಪಿನ ಅಂತರದಿಂದಲೇ ನಡೆದುಹೋಗುತ್ತದೆ. ವರ್ಣಕ್ಕೆ ಸ್ವತಂತ್ರವಾದ ಪಾತ್ರ ಸಿಗುವುದು ಎರಡನೆಯದರಲ್ಲಿ, ಅದೂ ನೀರಿನ ಆಳ ಬಿಟ್ಟುಕೊಟ್ಟಷ್ಟು ಮಾತ್ರ ಎಂಬುದು ಇಲ್ಲಿಯ ವಾದ.

ಈ ಮೀನಿನ ಶಾಸ್ತ್ರೀಯ ಹೆಸರು ಮೈಕ್ರೋಪ್ಟೆರಸ್ ಡೋಲೋಮ್ಯೂ. ಫ್ರಾನ್ಸಿನ ಲಾಸೆಪೆಡ್ 1802ರಲ್ಲಿ ಇದನ್ನು ವರ್ಣಿಸಿದ. ಅವನ ಕೈಗೆ ಸಿಕ್ಕ ಮಾದರಿಯ ಬೆನ್ನಿನ ರೆಕ್ಕೆ ಹರಿದಿತ್ತು. ಅದನ್ನೇ ಜಾತಿಯ ಸಹಜ ಲಕ್ಷಣವೆಂದು ತಿಳಿದು ‘ಕಿರುರೆಕ್ಕೆಯದು’ ಎಂಬ ಅರ್ಥದ ಹೆಸರಿಟ್ಟ. ತಪ್ಪು ಗೊತ್ತಾದ ಮೇಲೂ ಹೆಸರು ಬದಲಾಗಲಿಲ್ಲ. ಕಲ್ಲುಬಂಡೆ, ಜಲ್ಲಿಯ ತಳ, ತಂಪಾದ ತಿಳಿನೀರು ಇದರ ನೆಲೆ. ಕ್ರೇಫಿಶ್ ಮತ್ತು ಸಣ್ಣ ಮೀನುಗಳು ಇದರ ಮುಖ್ಯ ಆಹಾರ. ಬೇಟೆಯನ್ನು ಇದು ಮುಖ್ಯವಾಗಿ ಕಣ್ಣಿನಿಂದಲೇ ಹುಡುಕುತ್ತದೆ.

ಬಾಸ್‌ನ ಕಣ್ಣಿನ ಬಗ್ಗೆ ನಮಗಿರುವ ತಿಳಿವಳಿಕೆಯ ಹೆಚ್ಚಿನ ಭಾಗ ಇದರ ಸೋದರ ಜಾತಿಯಾದ ಲಾರ್ಜ್‌ಮೌತ್ ಬಾಸ್‌ನಿಂದ ಬಂದದ್ದು; ಆದ್ದರಿಂದ ಮುಂದಿನ ಮಾತುಗಳನ್ನು ಅನುಮಾನವೆಂದು ಓದಬೇಕು, ನೇರ ಪುರಾವೆಯೆಂದಲ್ಲ. 1937ರಲ್ಲಿ ಇಲಿನಾಯ್‌ನಲ್ಲಿ ಫ್ರಾಂಕ್ ಬ್ರೌನ್ ಮೀನುಗಳಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗಗಳು ಕೆಂಪನ್ನು ಅವು ಚೆನ್ನಾಗಿ ಗುರುತಿಸುತ್ತವೆ ಎಂದು ತೋರಿಸಿದವು. ಹಳದಿ ಗಾಜಿನ ಮೂಲಕ ನೋಡುವ ಮನುಷ್ಯನ ನೋಟಕ್ಕೆ ಅವುಗಳ ನೋಟವನ್ನು ಅವರು ಹೋಲಿಸಿದರು. 2019ರಲ್ಲಿ ‘ಕರೆಂಟ್ ಝೂಆಲಜಿ’ಯಲ್ಲಿ ಬಂದ ಅಧ್ಯಯನ ಇದಕ್ಕೆ ಅಂಕಿಗಳ ಆಧಾರ ಕೊಟ್ಟಿತು. ಲಾರ್ಜ್‌ಮೌತ್‌ನ ಅಕ್ಷಿಪಟಲದಲ್ಲಿ ಎರಡು ಬಗೆಯ ಶಂಕು ಕೋಶಗಳಿವೆ: ಒಂಟಿ ಶಂಕುಗಳು 535 ನ್ಯಾನೋಮೀಟರ್‌ನ ಹಸಿರಿಗೆ, ಅವಳಿ ಶಂಕುಗಳು 614 ನ್ಯಾನೋಮೀಟರ್‌ನ ಕಿತ್ತಳೆಗೆಂಪಿಗೆ ಹೆಚ್ಚು ಸ್ಪಂದಿಸುತ್ತವೆ. ಮಂದ ಬೆಳಕಿನ ದಂಡ ಕೋಶಗಳ ಶಿಖರ 528. ನೀಲಿಗೆಂದೇ ಮೀಸಲಾದ ಶಂಕು ಇಲ್ಲ. ಈ ಅಂಕಿಗಳಿಂದ ಕಟ್ಟಿದ ಗಣಿತ ಮಾದರಿಯ ಪ್ರಕಾರ ಹಳದಿಹಸಿರಿನ ಶಾರ್ಟ್ರೂಸ್‌ಗೂ ಬಿಳಿಗೂ, ಹಸಿರಿಗೂ ನೀಲಿಗೂ ಬಾಸ್‌ಗೆ ಭೇದ ತಿಳಿಯಬಾರದು. ಕೆಂಪು ಮಾತ್ರ ಎಲ್ಲ ಬೂದುಗಳಿಂದಲೂ ಬೇರೆಯಾಗಿ ಕಾಣಬೇಕು. ವರ್ತನೆಯ ಪರೀಕ್ಷೆಯಲ್ಲಿ ಈ ನಿರೀಕ್ಷೆ ಭಾಗಶಃ ನಿಜವಾಯಿತು. ಅಂಗಡಿಯ ಗೋಡೆಯ ಮೇಲಿನ ಎಷ್ಟೋ ವೈವಿಧ್ಯ ಕೊಳ್ಳುವವರ ಕಣ್ಣಿಗಾಗಿ ಇದೆ ಎಂಬ ಹಳೆಯ ಕುಹಕಕ್ಕೆ ಇಲ್ಲಿ ಸ್ವಲ್ಪ ಶಾಸ್ತ್ರಾಧಾರ ಸಿಗುತ್ತದೆ.

ಆದರೆ ಕಣ್ಣು ಅತ್ಯುತ್ತಮವಾಗಿ ಬೇರ್ಪಡಿಸುವ ಬಣ್ಣವನ್ನೇ ನೀರು ಮೊದಲು ನುಂಗುತ್ತದೆ. ಪೋಪ್ ಮತ್ತು ಫ್ರೈ 1997ರಲ್ಲಿ ಪ್ರಕಟಿಸಿದ ಶುದ್ಧ ನೀರಿನ ಹೀರಿಕೆಯ ಅಳತೆಗಳಿಂದ ಲೆಕ್ಕ ಹಾಕಿದರೆ, 614 ನ್ಯಾನೋಮೀಟರ್‌ನ ಬೆಳಕು ಮೂರು ಮೀಟರ್ ಆಳದಲ್ಲಿ ಶೇ. 45ರಷ್ಟು, ಹತ್ತು ಮೀಟರ್‌ನಲ್ಲಿ ಶೇ. 7ರಷ್ಟು ಮಾತ್ರ ಉಳಿಯುತ್ತದೆ. 535ರ ಹಸಿರು ಹತ್ತು ಮೀಟರ್ ಕೆಳಗೂ ಶೇ. 60ಕ್ಕಿಂತ ಹೆಚ್ಚು ಇರುತ್ತದೆ. ಇದು ನೀರೊಂದರದೇ ಲೆಕ್ಕ. ಸರೋವರದಲ್ಲಿ ಕರಗಿದ ಸಾವಯವ ವಸ್ತು ನೀಲಿಯನ್ನೂ ತಿನ್ನುವುದರಿಂದ ಕೊನೆಗೆ ಉಳಿಯುವುದು ಹಸಿರು ಕಿಂಡಿಯೇ. ಎರೆಯಿಂದ ಮೀನಿನ ಕಣ್ಣಿನವರೆಗಿನ ಅಡ್ಡದಾರಿಯಲ್ಲಿ ಆಗುವ ಹೀರಿಕೆ ಇನ್ನೂ ಬೇರೆ.

ಇದರಿಂದ ಕೆಂಪು ಎರೆಯ ವಿಚಿತ್ರ ಸ್ಥಿತಿ ಅರ್ಥವಾಗುತ್ತದೆ. ಮೂರು ಮೀಟರ್‌ನ ಜಲ್ಲಿಯ ಮೇಲೆ ಕ್ರೇಫಿಶ್‌ನ ಕೊಂಡಿಯ ತುದಿಯ ಕಿತ್ತಳೆ ಬಣ್ಣ ನಿಜಕ್ಕೂ ಒಂದು ಸುಳಿವು. ಕಂದು ಎರೆಯ ತುದಿಗೆ ಒಂದಿಷ್ಟು ಕಿತ್ತಳೆ ಹಚ್ಚುವ ಅಭ್ಯಾಸಕ್ಕೆ ಅಲ್ಲಿ ಅರ್ಥವಿದೆ. ಹತ್ತು ಮೀಟರ್‌ನಲ್ಲಿ ಅದೇ ಕಿತ್ತಳೆ ಕಪ್ಪಾಗಿಬಿಡುತ್ತದೆ. ಪ್ರತಿದೀಪ್ತಿಯ ಬಣ್ಣಗಳ ಕಥೆ ಬೇರೆ: ಕೆಳಗೆ ಲಭ್ಯವಿರುವ ನೀಲಿ-ಹಸಿರು ಬೆಳಕನ್ನೇ ಹೀರಿ ಉದ್ದ ತರಂಗದಲ್ಲಿ ಹೊರಸೂಸುವುದರಿಂದ ಅವು ಆಳದಲ್ಲೂ ತಮ್ಮ ವರ್ಣ ಉಳಿಸಿಕೊಳ್ಳುತ್ತವೆ. ಆ ಆಳದಲ್ಲಿ ಇಂಥ ಬಣ್ಣದ ಜೀವಿ ಯಾವುದೂ ಮೀನಿಗೆ ಪರಿಚಿತವಲ್ಲ. ತಿಳಿನೀರಿನಲ್ಲಿ ಇಂಥ ಎರೆಯನ್ನು ಬಾಸ್ ದೂರದಿಂದ ಹಿಂಬಾಲಿಸಿ ಬಂದು ಕೊನೆಯ ಗಳಿಗೆಯಲ್ಲಿ ತಿರುಗಿಹೋಗುವುದಕ್ಕೆ ಇದು ಒಂದು ಕಾರಣವಾಗಿರಬಹುದೆಂದು ನನ್ನ ಊಹೆ.

ದೂರದ ಕೆಲಸಕ್ಕೆ ಬಂದರೆ, ಹಿನ್ನೆಲೆಯೇ ಎಲ್ಲವನ್ನೂ ನಿರ್ಧರಿಸುತ್ತದೆ. ಕೆಳಗಿನಿಂದ ನೋಡುವ ಮೀನಿಗೆ ಮೇಲಿನ ಜಗತ್ತೆಲ್ಲ ಸುಮಾರು 97 ಡಿಗ್ರಿಯ ಬೆಳಕಿನ ವೃತ್ತದೊಳಗೆ ಅಡಕವಾಗಿರುತ್ತದೆ. ಆ ಪ್ರಕಾಶದ ಎದುರು ಯಾವ ಬಣ್ಣದ ಎರೆಯಾದರೂ ಕಪ್ಪು ಆಕೃತಿಯೇ. ನೀರಿನ ಮೇಲ್ಮೈಯಲ್ಲಿ ಆಡಿಸುವ ಎರೆಯ ಹೊಟ್ಟೆಗೆ ಬಳಿದ ಬಣ್ಣದ ಬಗ್ಗೆ ನಡೆಯುವ ಚರ್ಚೆಗಳನ್ನು ಇಷ್ಟಕ್ಕೇ ಮುಗಿಸಬಹುದು. ಪಕ್ಕದಿಂದ ನೋಡಿದಾಗ ಪರಿಸ್ಥಿತಿ ಸೂಕ್ಷ್ಮ. ಬೆಳ್ಳಿಮೈಯ ಮೀನುಗಳ ಪಕ್ಕೆಯಲ್ಲಿರುವ ಗ್ವಾನಿನ್ ಹರಳುಗಳು ಕನ್ನಡಿಗಳಂತೆ ಸುತ್ತಲಿನ ಬೆಳಕನ್ನೇ ಹಿಂದಿರುಗಿಸಿ ಅವನ್ನು ಮರೆಮಾಡುತ್ತವೆ ಎಂಬುದನ್ನು ಎರಿಕ್ ಡೆಂಟನ್ ವಿವರಿಸಿದ್ದಾರೆ. ಬೆಳ್ಳಿಯ ಎರೆಯೂ ಆಳಕ್ಕೆ ತಕ್ಕ ಬಣ್ಣವನ್ನು ತಾನೇ ತಾಳುತ್ತದೆ. ಓರೆಯಾದಾಗ ಮಾತ್ರ ಮಿಂಚಿ ತನ್ನನ್ನು ಬಿಟ್ಟುಕೊಡುತ್ತದೆ. ಗಾಯಗೊಂಡ ಮೀನು ಮಿಂಚುವುದೂ ಹೀಗೆಯೇ. ಮೋಡ ಕವಿದ ದಿನ ಈ ಮಿಂಚಿಗೆ ಬಲವಿಲ್ಲದ್ದರಿಂದ ಮಾಸಲು ಬಿಳಿಗೆ ಬದಲಾಯಿಸುವ ರೂಢಿ ದೃಗ್ವಿಜ್ಞಾನಕ್ಕೆ ಒಪ್ಪುವಂಥದ್ದು.

ಇಂದು ‘ತಿಳಿ’ ಎನಿಸಿಕೊಂಡಿರುವ ಸರೋವರಗಳಲ್ಲಿ ಕೆಲವು ಇತ್ತೀಚೆಗೆ ತಿಳಿಯಾದವು. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಜೀಬ್ರಾ ಮಸ್ಸೆಲ್ ಎಂಬ ಪರದೇಶಿ ಕಪ್ಪೆಚಿಪ್ಪು ಪತ್ತೆಯಾಯಿತು. ಅದೂ ಅದರ ಸಂಬಂಧಿ ಕ್ವಾಗಾ ಮಸ್ಸೆಲ್ಲೂ ನೀರನ್ನು ಸೋಸಿ ತೇಲುಸಸ್ಯಗಳನ್ನು ತಿಂದು ಬೆಳಕು ಆಳಕ್ಕಿಳಿಯುವಂತೆ ಮಾಡಿದವು. 1990ರಲ್ಲಿ ಸೇಂಟ್ ಕ್ಲೇರ್ ನದಿಯಲ್ಲಿ ಕಪ್ಪು ಸಮುದ್ರ, ಕ್ಯಾಸ್ಪಿಯನ್ ಪ್ರದೇಶದ ರೌಂಡ್ ಗೋಬಿ ಕಾಣಿಸಿಕೊಂಡಿತು. ಆ ಚಿಪ್ಪುಗಳನ್ನೇ ತಿಂದು ಬೆಳೆಯುವ ಈ ತಳದ ಮೀನು ಬಹುಬೇಗ ಈರಿ ಸರೋವರದ ಸ್ಮಾಲ್‌ಮೌತ್‌ಗಳ ಮುಖ್ಯ ಆಹಾರವಾಯಿತು. ಗೋಬಿಯ ಮೈ ಬೂದುಗಂದು, ಮೇಲೆ ಕಪ್ಪು ಮಚ್ಚೆಗಳು. ಅಲ್ಲಿ ಇಂದು ಹೆಚ್ಚು ನಂಬಿಕೆ ಗಳಿಸಿರುವ ಗ್ರೀನ್ ಪಂಪ್ಕಿನ್, ಅಂದರೆ ಕರಿಚುಕ್ಕೆಯ ಕಂದುಹಸಿರು, ಗೋಬಿಗೂ ಕ್ರೇಫಿಶ್‌ಗೂ ಹತ್ತಿರವಾದ ಬಣ್ಣ. ಬೆಳಕೂ ಊಟವೂ ಒಟ್ಟಿಗೇ ಬದಲಾದ ಇಂಥ ಜಾಗದಲ್ಲಿ, ಒಂದು ಬಣ್ಣ ಗೆದ್ದದ್ದು ಯಾವುದರಿಂದ ಎಂದು ಬರೀ ಹಿಡಿದ ಮೀನುಗಳ ಎಣಿಕೆಯಿಂದ ಹೇಳಲಾಗದು.

ಎಣಿಕೆಯ ತೊಡಕು ಇದೊಂದೇ ಅಲ್ಲ. ನಂಬಿದ ಬಣ್ಣವನ್ನೇ ಹೆಚ್ಚು ಹೊತ್ತು ನೀರಿಗಿಳಿಸುವುದರಿಂದ ಹೆಚ್ಚು ಮೀನು ಅದಕ್ಕೇ ಸಿಗುತ್ತವೆ. ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಪ್ರಯತ್ನದ ಅವಧಿಯನ್ನು ಲೆಕ್ಕಕ್ಕಿಟ್ಟುಕೊಂಡು 2015ರಲ್ಲಿ ಮೊರಾಗಾ ಮತ್ತು ಸಂಗಡಿಗರು ಲಾರ್ಜ್‌ಮೌತ್ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಬಣ್ಣದಿಂದ ಹಿಡಿತದ ಪ್ರಮಾಣ ಬದಲಾಗಲಿಲ್ಲ; ಸಿಕ್ಕ ಮೀನಿನ ಗಾತ್ರದಲ್ಲಿ ಮಾತ್ರ ಬಣ್ಣದ ಪ್ರಭಾವ ಸ್ವಲ್ಪ ಕಂಡಿತು. ಬಣ್ಣ ನಿರರ್ಥಕವೆಂದು ಇದರಿಂದ ತೀರ್ಮಾನಿಸುವವರಿದ್ದಾರೆ. ಅದು ಅವಸರದ ಮಾತು. ಅಂಥ ಹೋಲಿಕೆಯಲ್ಲಿ ವರ್ಣವೂ ಹೊಳಪೂ ಕೂಡಿಕೊಂಡೇ ಬದಲಾಗುತ್ತವೆ. ಈ ಗೋಜಲು ಶತಮಾನದಷ್ಟು ಹಳೆಯದು: ಮೀನುಗಳಿಗೆ ಬಣ್ಣವೇ ಕಾಣದೆಂದು ಕಾರ್ಲ್ ಫಾನ್ ಹೆಸ್ ಸಾರಿದಾಗ, ಮೀನುಗಳನ್ನು ಬಣ್ಣಕ್ಕೆ ಪಳಗಿಸಿ ಹೊಳಪಿನ ಮಾತನ್ನು ಬದಿಗಿಟ್ಟ ಕಾರ್ಲ್ ಫಾನ್ ಫ್ರಿಶ್ ಅದನ್ನು ಅಲ್ಲಗಳೆದರು.

ಸ್ಮಾಲ್‌ಮೌತ್ ವಿಷಯದಲ್ಲಿ ಅದೇ ಹಾದಿ ಹಿಡಿಯಬಹುದು. ಒಂದೇ ಆಕಾರ, ಒಂದೇ ತೂಕದ ಎರೆಗಳು. ಕಿತ್ತಳೆ ತುದಿಯ ಕಂದು ಒಂದು ಕಡೆ, ಬಾಸ್‌ನ ಕಣ್ಣಿಗೆ ಅದರಷ್ಟೇ ಹೊಳೆಯುವ ಬೂದು ಇನ್ನೊಂದು ಕಡೆ. ಆಳದೊಂದಿಗೆ ಬೆಳಕು ಬದಲಾಗುವುದರಿಂದ ಆ ಬೂದನ್ನು ಪ್ರತಿ ಆಳಕ್ಕೂ ಬೇರೆಯಾಗಿ ಲೆಕ್ಕ ಹಾಕಬೇಕು. ಸೆಕ್ಕಿ ತಟ್ಟೆಯಿಂದ ನೀರಿನ ತಿಳಿಯನ್ನೂ ಪ್ರತಿ ದಿನ ಅಳೆಯಬೇಕು. ಗಾಳಕ್ಕೆ ಬಿದ್ದ ಮೀನುಗಳ ಜೊತೆಗೆ, ಹಿಂಬಾಲಿಸಿ ಬಂದು ತಿರುಗಿದವನ್ನೂ ನೀರೊಳಗಿನ ಕ್ಯಾಮೆರಾದಿಂದ ಎಣಿಸಬೇಕು. ಮೂರು ಮೀಟರ್‌ನಲ್ಲಿ ಎರಡರ ನಡುವೆ ಅಂತರ ಕಂಡು ಹತ್ತು ಮೀಟರ್‌ನಲ್ಲಿ ಅದು ಅಳಿದರೆ ಇಲ್ಲಿಯ ವಾದ ನಿಲ್ಲುತ್ತದೆ; ಎರಡೂ ಆಳಗಳಲ್ಲಿ ಅಂತರ ಒಂದೇ ಆಗಿದ್ದರೆ, ಅಥವಾ ಎಲ್ಲಿಯೂ ಕಾಣದಿದ್ದರೆ, ಬೀಳುತ್ತದೆ.