ಆಟಿಕೆ ಡಬ್ಬಿಯಲ್ಲಿರುವ ಕಾಡು ಯಾರದು?

ಜಾತ್ರೆಯ ಅಂಗಡಿಯಲ್ಲಿ, ಬಸ್ ನಿಲ್ದಾಣದ ಗೂಡಂಗಡಿಯಲ್ಲಿ ಪ್ಲಾಸ್ಟಿಕ್ ಪ್ರಾಣಿಗಳ ಪೊಟ್ಟಣ ನೇತಾಡುವುದನ್ನು ನಾವೆಲ್ಲ ನೋಡಿದ್ದೇವೆ. ಒಂದು ಸಿಂಹ, ಒಂದು ಜಿರಾಫೆ, ಒಂದು ಜೀಬ್ರಾ, ಒಂದು ಆನೆ, ಒಂದು ಹುಲಿ. ಇತ್ತೀಚೆಗೆ ಇವು ಬಹಳ ನೈಜವಾಗಿ ಬರುತ್ತಿವೆ. ಚರ್ಮದ ಸುಕ್ಕು, ಗೊರಸಿನ ಸೀಳು ಕೂಡ ಕಾಣುತ್ತದೆ. ಅಂಗನವಾಡಿಯ ಮಗು ಕೂಡ ಜಿರಾಫೆಯನ್ನು ಥಟ್ಟನೆ ಗುರುತಿಸುತ್ತದೆ. ಆದರೆ ಮನೆಯ ಹಿಂದಿನ ಬೆಟ್ಟದಲ್ಲಿರುವ ಕಾಟಿಯನ್ನು? ಸಿಂಗಳೀಕವನ್ನು? ಈ ಪ್ರಶ್ನೆಗೆ ಉತ್ತರ ಹುಡುಕಲು ಆಟಿಕೆಗಳ ಇತಿಹಾಸವನ್ನೇ ಸ್ವಲ್ಪ ನೋಡೋಣ.

ಮಣ್ಣಿನ ಸಾಕ್ಷಿ

ಸಿಂಧೂ ಕಣಿವೆಯ ಹರಪ್ಪ, ಮೊಹೆಂಜೊದಾರೊಗಳಲ್ಲಿ ಸುಟ್ಟ ಮಣ್ಣಿನ ಪ್ರಾಣಿಗಳು ರಾಶಿ ರಾಶಿ ಸಿಕ್ಕಿವೆ. ಸುಮಾರು 4,500 ವರ್ಷ ಹಳೆಯವು. ಗೂಳಿ, ಆನೆ, ಘೇಂಡಾಮೃಗ, ಚಕ್ರದ ಗಾಡಿ, ದಾರ ಎಳೆದರೆ ತಲೆಯಾಡಿಸುವ ಎತ್ತು ಕೂಡ ಇದೆ! ಇವುಗಳಲ್ಲಿ ಆಟಿಕೆ ಎಷ್ಟು, ಹರಕೆಯ ಬೊಂಬೆ ಎಷ್ಟು ಎಂಬ ಚರ್ಚೆ ಇದೆ. ಆದರೆ ಒಂದು ಮಾತು ಸ್ಪಷ್ಟ. ಆ ಜನ ತಾವು ಕಂಡ ಪ್ರಾಣಿಗಳನ್ನು ಮಾಡಿದರು. ಇಂದು ಒಣಗಿರುವ ಆ ಸೀಮೆಯಲ್ಲಿ ಒಮ್ಮೆ ಘೇಂಡಾಮೃಗ ಬದುಕುವಷ್ಟು ಜೌಗು ಮತ್ತು ಹುಲ್ಲು ಇತ್ತೆಂದು ವಿದ್ವಾಂಸರು ಊಹಿಸಲು ಈ ಬೊಂಬೆಗಳೂ ಮುದ್ರೆಗಳೂ ನೆರವಾಗಿವೆ. ಆ ಮುದ್ರೆಗಳಲ್ಲಿ ಹುಲಿ ಇದೆ, ಸಿಂಹ ಇಲ್ಲ.

ಅಂದರೆ ಬೊಂಬೆ ಒಂದು ದಾಖಲೆ. ಊರು ಏನನ್ನು ನೋಡಿತು ಎಂಬುದಕ್ಕೆ ಸಾಕ್ಷಿ.

ಚನ್ನಪಟ್ಟಣ, ಕಿನ್ನಾಳ, ಶ್ರೀರಂಗಪಟ್ಟಣ

ನಮ್ಮ ನಾಡಿಗೆ ಬಂದರೆ ಮೊದಲು ನೆನಪಾಗುವುದು ಚನ್ನಪಟ್ಟಣ. ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದನೆಂಬ ಮಾತು ಅಲ್ಲಿ ಪ್ರಚಲಿತ. ಹಾಲೆ ಮರವನ್ನು ಚರಕಿಗೆ ಕೊಟ್ಟು ತಿರುಗಿಸುತ್ತಾ, ಅರಗಿನ ಬಣ್ಣ ಒತ್ತಿ, ಒಣ ಎಲೆಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಚರಕಿಯಲ್ಲಿ ಹುಟ್ಟುವುದೆಲ್ಲ ದುಂಡಗೆ. ಆದ್ದರಿಂದ ಅಲ್ಲಿಯ ಆನೆಯೂ ದುಂಡಗೆ, ಕುದುರೆಯೂ ದುಂಡಗೆ. ಕೊಪ್ಪಳದ ಕಿನ್ನಾಳದವರು ಹಗುರ ಮರವನ್ನು ಕೆತ್ತುವವರಾದ್ದರಿಂದ ಅವರ ಪ್ರಾಣಿಗೆ ಕಾಲು, ಕುತ್ತಿಗೆ, ಕೋಡು ಬೇರೆ ಬೇರೆಯಾಗಿ ಬರುತ್ತವೆ. ಮಾಡುವ ಉಪಕರಣವೇ ಪ್ರಾಣಿಯ ರೂಪವನ್ನು ನಿರ್ಧರಿಸುತ್ತದೆ ಎಂಬುದು ಗಮನಿಸಬೇಕಾದ ಅಂಶ.

ಇನ್ನು ಶ್ರೀರಂಗಪಟ್ಟಣದ ಮರದ ಹುಲಿಯನ್ನು ಯಾರು ಮರೆಯುತ್ತಾರೆ? ಯೂರೋಪಿನ ಸಿಪಾಯಿಯೊಬ್ಬನ ಮೇಲೆ ಎರಗಿದ ಹುಲಿ. ಉದ್ದ ಸುಮಾರು 178 ಸೆಂಟಿಮೀಟರ್. ಹಿಡಿ ತಿರುಗಿಸಿದರೆ ಹುಲಿ ಗರ್ಜಿಸುತ್ತದೆ, ಮನುಷ್ಯ ನರಳುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಅದನ್ನು ಒಯ್ದರು. ಈಗ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಸೀಸದಿಂದ ಪ್ಲಾಸ್ಟಿಕ್‌ಗೆ

ಹಾಗಾದರೆ ಪೊಟ್ಟಣದೊಳಗೆ ಆಫ್ರಿಕ ಹೇಗೆ ಬಂತು? ಜರ್ಮನಿಯ ಸೈಫೆನ್ ಎಂಬ ಬೆಟ್ಟದ ಊರಿನವರಿಗೂ ಚನ್ನಪಟ್ಟಣದವರಂತೆ ಚರಕಿಯೇ ಬದುಕು. ಅವರು ಒಂದು ಉಪಾಯ ಕಂಡುಕೊಂಡರು. ಹಸಿ ಮರವನ್ನು ಬಳೆಯಂತೆ ಕಡೆದು, ಆ ಬಳೆಯನ್ನು ರೊಟ್ಟಿಯಂತೆ ತುಂಡು ಮಾಡಿದರೆ ಪ್ರತಿ ತುಂಡೂ ಒಂದು ಪ್ರಾಣಿಯ ಆಕಾರ! ಒಂದೇ ಬಳೆಯಿಂದ ಹತ್ತಾರು ಆನೆಗಳು. 19ನೇ ಶತಮಾನದಲ್ಲಿ ಇವು ಬೈಬಲ್ಲಿನ ನೋಹನ ಹಡಗಿನ ಆಟಿಕೆಯಾಗಿ ಬೇರೆ ದೇಶಗಳಿಗೂ ಹೋದವು. ಲೋಕದ ಎಲ್ಲ ಪ್ರಾಣಿಗಳೂ ಒಂದೇ ಡಬ್ಬಿಯಲ್ಲಿ!

ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ 1893ರಲ್ಲಿ ಒಳಗೆ ಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯಲು ಶುರು ಮಾಡಿತು. ಮೊದಲ ಮಹಾಯುದ್ಧದ ನಂತರ ಅದೇ ಕಂಪನಿ ಹಟ್ಟಿಯ ದನಕರುಗಳನ್ನು, ಆಮೇಲೆ ಮೃಗಾಲಯದ ಪ್ರಾಣಿಗಳನ್ನು ಮಾಡಿತು. ಸೀಸ ವಿಷವೆಂದು ತಿಳಿದ ಮೇಲೆ ಆ ಜಾಗಕ್ಕೆ ಪ್ಲಾಸ್ಟಿಕ್ ಬಂತು. 1935ರಲ್ಲಿ ಆರಂಭವಾದ ಜರ್ಮನಿಯ ಶ್ಲೈಖ್ ಕಂಪನಿ ಇಂದು ನೈಜ ಪ್ರಾಣಿಗಳ ಬೊಂಬೆಗೆ ಹೆಸರಾಗಿದೆ. ನಮ್ಮ ಬಸ್ ನಿಲ್ದಾಣದ ಪೊಟ್ಟಣ ಇಂತಹವುಗಳ ಅಗ್ಗದ ತಮ್ಮ ಎನ್ನಬಹುದು. ಹೀಗೆ ಯೂರೋಪಿನ ಮಗು ಮೃಗಾಲಯದಲ್ಲಿ ಕಂಡ ಕಾಡು ನಮ್ಮ ಮಗುವಿನ ಕೈಗೆ ಬಂತು.

(ಪಾಲಕರಿಗೆ ಒಂದು ಮಾತು: 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕೊಳ್ಳುವಾಗ ನೋಡಿ.)

ಮೇಘಮಲೆಯ ಕೆಳಗೆ

ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಚಿನ್ನಮನೂರಿನ ಹತ್ತಿರ ಮಾರ್ಕಯನ್‌ಕೋಟ್ಟೈ ಎಂಬ ಊರಿದೆ. ಕರ್ನಾಟಕದ ಗಡಿಯಿಂದ ಬಹು ದೂರ. ಆದರೂ ಈ ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ಕನ್ನಡ ಮನೆಮಾತಿನ ಒಕ್ಕಲಿಗರು, ಕಾಪ್ಪಿಲಿಯರು ಬಾಳುತ್ತಿದ್ದಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ತಾಳವಾಡಿ, ಹೊಸೂರು, ಕಾಸರಗೋಡಿನ ನಮಗೆ ಕನ್ನಡ ಪುಸ್ತಕವಾದರೂ ಉಂಟು. ಅಲ್ಲಿಯವರ ಕನ್ನಡ ಹೆಚ್ಚಾಗಿ ಬಾಯಿಂದ ಕಿವಿಗೆ ಬಂದದ್ದು.

ಕಣಿವೆಯ ಪಕ್ಕದಲ್ಲೇ ಮೇಘಮಲೆ. 2021ರಲ್ಲಿ ಇದು ಶ್ರೀವಿಲ್ಲಿಪುತ್ತೂರು-ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶವಾಯಿತು. ತಮಿಳುನಾಡಿನಲ್ಲಿ ಐದನೆಯದು. ಅಲ್ಲಿ ಆನೆ, ಹುಲಿ, ಕಾಟಿ, ಕೆನ್ನಾಯಿ, ಸಿಂಗಳೀಕ, ಬೂದು ಬಣ್ಣದ ದೊಡ್ಡ ಅಳಿಲು, ತಮಿಳುನಾಡಿನ ರಾಜ್ಯಪ್ರಾಣಿಯಾದ ವರೈಆಡು ಎಂಬ ಬೆಟ್ಟದ ಆಡು ಇವೆ. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಇಲ್ಲ. ಇವುಗಳಲ್ಲಿ ಪೊಟ್ಟಣದೊಳಗೆ ಸಿಗುವವು ಎರಡೇ: ಹುಲಿ ಮತ್ತು ಆನೆ. ಆ ಆನೆಯೂ ಎಷ್ಟೋ ಸಲ ನಮ್ಮದಲ್ಲ! ಕಿವಿ ಬೀಸಣಿಗೆಯಷ್ಟು ಅಗಲ, ಬೆನ್ನು ನಡುವೆ ತಗ್ಗಾಗಿದ್ದರೆ ಅದು ಆಫ್ರಿಕದ್ದು. ನಮ್ಮ ಆನೆಯ ಕಿವಿ ಚಿಕ್ಕದು, ಬೆನ್ನು ಉಬ್ಬಿದ್ದು, ನೆತ್ತಿಯಲ್ಲಿ ಎರಡು ಉಬ್ಬು. ಸೊಂಡಿಲ ತುದಿಗೆ ನಮ್ಮದಕ್ಕೆ ಒಂದು ಬೆರಳು, ಆಫ್ರಿಕದ್ದಕ್ಕೆ ಎರಡು. ಉದ್ದ ದಂತ ನಮ್ಮಲ್ಲಿ ಗಂಡಿಗೆ ಮಾತ್ರ, ಅದೂ ಎಲ್ಲ ಗಂಡಿಗೂ ಇಲ್ಲ.

2023ರ ಮೇ 27ರಂದು ಇದೇ ಕಣಿವೆಯ ಕಂಬಂ ಪಟ್ಟಣದ ಬೀದಿಗೆ ನಿಜವಾದ ಆನೆಯೇ ಬಂತು. ಅದು ಅರಿಕೊಂಬನ್. ಅರಿ ಎಂದರೆ ಅಕ್ಕಿ, ಕೊಂಬನ್ ಎಂದರೆ ದಂತದ ಆನೆ. ಕೇರಳದ ಚಿನ್ನಕ್ಕನಾಲ್‌ನಲ್ಲಿ ಅಕ್ಕಿಗಾಗಿ ಅಂಗಡಿ ಮನೆಗಳನ್ನು ಕೆಡವುತ್ತಿದ್ದ ಅದನ್ನು ಏಪ್ರಿಲ್‌ನಲ್ಲಿ ಹಿಡಿದು ಪೆರಿಯಾರ್ ಕಾಡಿಗೆ ಬಿಟ್ಟಿದ್ದರು. ಕಂಬಂಗೆ ಬಂದಾಗ ನಿಷೇಧಾಜ್ಞೆ ಹಾಕಬೇಕಾಯಿತು. ಗಾಯಗೊಂಡ ಒಬ್ಬರು ತೀರಿಕೊಂಡರು. ಜೂನ್ 5ರಂದು ಅರಿವಳಿಕೆ ಕೊಟ್ಟು ಹಿಡಿದು ಕಳಕ್ಕಾಡು-ಮುಂಡಂತುರೈ ಕಾಡಿಗೆ ಸಾಗಿಸಿದರು. ಆನೆ ಯಾವಾಗ ಬರುತ್ತದೆ, ಕಂಡರೆ ಎಷ್ಟು ದೂರ ನಿಲ್ಲಬೇಕು ಎಂಬುದು ಆ ಮಕ್ಕಳಿಗೆ ಜೀವದ ಪ್ರಶ್ನೆ. ಜಿರಾಫೆ ಅವರ ಹೊಲಕ್ಕೆ ಎಂದೂ ಬರುವುದಿಲ್ಲ.

ಹೆಸರೂ ಉಳಿಯಬೇಕು

ಬೊಂಬೆ ಇಲ್ಲದ ಪ್ರಾಣಿಯ ಹೆಸರು ಮಗುವಿನ ಬಾಯಿಗೆ ಬರುವುದು ಕಡಿಮೆ. ಕೆನ್ನಾಯಿಯನ್ನೇ ನೋಡಿ. ತಮಿಳಿನಲ್ಲಿ ಸೆನ್ನಾಯ್. ಕನ್ನಡದ 'ಕೆ' ಅಲ್ಲಿ 'ಸೆ' ಆಗಿದೆ. ಕಿವಿ ಅಲ್ಲಿ ಸೆವಿ ಆದಂತೆ. ನಮ್ಮ ಹುಲಿ ಅವರ ಪುಲಿ, ನಮ್ಮ ಆನೆ ಅವರ ಯಾನೈ, ನಮ್ಮ ಮೊಲ ಅವರ ಮುಯಲ್. ಕರಡಿ ಎರಡರಲ್ಲೂ ಕರಡಿಯೇ! ಎರಡು ಭಾಷೆಯ ನಡುವೆ ಬೆಳೆಯುವ ಮಗುವಿಗೆ ಇದಕ್ಕಿಂತ ಸೊಗಸಾದ ವ್ಯಾಕರಣ ಪಾಠ ಯಾವುದು?

ತರಗತಿಯಲ್ಲಿ ಮಾಡಬಹುದಾದದ್ದು

ಇದಕ್ಕೆ ಹಣ ಬೇಡ. ಕೆರೆಯ ಜೇಡಿಮಣ್ಣು, ಒಂದು ಅಳತೆಪಟ್ಟಿ ಸಾಕು. ಪೊಟ್ಟಣದ ಪ್ರಾಣಿಗಳಲ್ಲಿ ಹುಲಿಯೂ ಜಿರಾಫೆಯೂ ಹೆಚ್ಚು ಕಡಿಮೆ ಒಂದೇ ಎತ್ತರ ಇರುತ್ತವೆ. ನಾವು ಒಂದು ಅಡಿಗೆ ಒಂದು ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಭುಜದವರೆಗೆ ಅಳೆದರೆ ಗಂಡಾನೆ 9 ಸೆಂಟಿಮೀಟರ್, ಕಾಟಿ 6, ಹುಲಿ 3, ಗಂಡು ಬೆಟ್ಟದ ಆಡು 3ಕ್ಕಿಂತ ತುಸು ಹೆಚ್ಚು, ಕೆನ್ನಾಯಿ ಒಂದೂವರೆ. ಪಕ್ಕದಲ್ಲಿ ಜಿರಾಫೆ ಮಾಡಿದರೆ ನೆತ್ತಿಯವರೆಗೆ 17! ಕಾಟಿಗೆ ಮೊಣಕಾಲಿನಿಂದ ಕೆಳಗೆ ಬಿಳಿ ಕಾಲ್ಚೀಲ ಬಳಿಯಲು ಮರೆಯಬೇಡಿ. ಸಿಂಗಳೀಕಕ್ಕೆ ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು. ಪ್ರತಿ ಬೊಂಬೆಯ ಕೆಳಗೆ ಕನ್ನಡ, ತಮಿಳು ಎರಡೂ ಹೆಸರು ಇರಲಿ. ನವರಾತ್ರಿಯ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಲ್ಲಿ ಇವನ್ನೇ ಇಡಬಹುದು.

ಇನ್ನು 4,500 ವರ್ಷಗಳ ನಂತರ ಯಾರೋ ಕಂಬಂ ಕಣಿವೆಯನ್ನು ಅಗೆದರು ಎಂದುಕೊಳ್ಳಿ. ಸಿಗುವುದು ಬರೀ ಜಿರಾಫೆ, ಜೀಬ್ರಾಗಳೇ ಆದರೆ ಅವರು ಏನೆಂದು ಬರೆಯುತ್ತಾರೆ? ಪ್ಲಾಸ್ಟಿಕ್ ಬಹುಕಾಲ ಬಾಳುತ್ತದೆ. ಸುಟ್ಟ ಮಣ್ಣೂ ಬಾಳುತ್ತದೆ, ಹರಪ್ಪದ ಮಕ್ಕಳು ತೋರಿಸಿದ್ದಾರೆ. ನಮ್ಮ ಬೆಟ್ಟದ ಸಾಕ್ಷಿಯನ್ನು ನಮ್ಮ ಮಕ್ಕಳ ಕೈಯಿಂದಲೇ ಮಾಡಿಸೋಣ.