ನಲಿ-ಕಲಿ: ಮಗುವಿನ ಗುರಿ ಮತ್ತು ಕಲಿಕಾ ಏಣಿ

ನಲಿ-ಕಲಿ ಎಂಬುದು ಕರ್ನಾಟಕದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳ ಆರಂಭಿಕ ತರಗತಿಗಳಲ್ಲಿ ಬಳಕೆಗೆ ಬಂದ ಚಟುವಟಿಕೆ ಆಧಾರಿತ, ಬಹುವರ್ಗ ಬೋಧನಾ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಣ್ಣಾರೆ ನೋಡಿ ಬಂದ ಶಿಕ್ಷಕರೇ ಇದನ್ನು ಇಲ್ಲಿಗೆ ಒಗ್ಗಿಸಿದರು.

ಇದರ ಜೀವಾಳ ಗೋಡೆಯ ಮೇಲಿನ ಕಲಿಕಾ ಏಣಿ. ಪಾಠಗಳು ಸಣ್ಣ ಸಣ್ಣ ಮೆಟ್ಟಿಲುಗಳಾಗಿ, ಮೆಟ್ಟಿಲುಗಳು ಮೈಲಿಗಲ್ಲುಗಳಾಗಿ ಜೋಡಣೆಯಾಗಿರುತ್ತವೆ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರಸಂಕೇತ. ಓದು ಬಾರದ ಆರು ವರ್ಷದ ಮಗು ಕೂಡ ಚಿತ್ರ ಗುರುತಿಸಿ, ತಾನು ಎಲ್ಲಿದ್ದೇನೆ, ಮುಂದೇನು ಎಂದು ತಿಳಿದು, ಆ ಮೆಟ್ಟಿಲಿನ ಚಟುವಟಿಕೆಯ ಕಾರ್ಡನ್ನು ತಾನೇ ತಂದುಕೊಳ್ಳುತ್ತದೆ. ಅಕ್ಷರಗಳೂ ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ‘ರ, ಗ, ಸ, ದ, ಅ’ ಮೊದಲು. ಇಷ್ಟರಲ್ಲೇ ‘ಸರ’, ‘ಅರಸ’ ಓದಲು ಬರುತ್ತದೆ. ಮುಟ್ಟಬಹುದಾದ ಗುರಿ ಎಂದರೆ ಇದೇ.

ಹೊಲದ ಕೆಲಸಕ್ಕೋ ಜಾತ್ರೆಗೋ ನಾಲ್ಕು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ಮಕ್ಕಳು ಐದು ಗುಂಪುಗಳಲ್ಲಿ ಕೂರುತ್ತಾರೆ: ಒಂದು ಪೂರ್ತಿ ಶಿಕ್ಷಕರ ಬೆಂಬಲದ್ದು, ಕೊನೆಯದು ಸ್ವಕಲಿಕೆಯದು. ಮುಗಿಸಿದ್ದನ್ನು ‘ಪ್ರಗತಿ ನೋಟ’ ಎಂಬ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ, ಬರೆದ ಚಿತ್ರಗಳು ತಲೆಯ ಮೇಲಿನ ಚಪ್ಪರದಲ್ಲಿ ತೂಗಾಡುತ್ತವೆ.

ಗುರಿಯನ್ನು ಮಗುವೇ ಆರಿಸುತ್ತದೆ ಎನ್ನುವುದು ಮಾತ್ರ ಅತಿಶಯೋಕ್ತಿ. ಏಣಿ ಕಟ್ಟಿದವರು ದೊಡ್ಡವರು. ಮಗುವಿನದು ಹತ್ತುವ ವೇಗ. ಮೂವತ್ತು ಮಕ್ಕಳು ಮೂವತ್ತು ಮೆಟ್ಟಿಲಲ್ಲಿರುವಾಗ ಒಬ್ಬರೇ ಶಿಕ್ಷಕರ ಪಾಡೂ ಸುಲಭದ್ದಲ್ಲ.

2009-10ರಲ್ಲಿ ಪದ್ಧತಿಯನ್ನು ರಾಜ್ಯದಾದ್ಯಂತ ಒಂದು ಮತ್ತು ಎರಡನೇ ತರಗತಿಗಳಿಗೆ ವಿಸ್ತರಿಸಲಾಯಿತು. ಮೂರನೇ ತರಗತಿ ಮರುವರ್ಷ ಸೇರಿತು.