ಕತ್ತಲು ಮನೆಗೆ ಬಂದ ಕಥೆ

ಡ್ರಾಕುಲಾ, ಫ್ರಾಂಕೆನ್‌ಸ್ಟೈನ್ ಎಂಬ ಹೆಸರುಗಳನ್ನು ಕೇಳದವರು ವಿರಳ. ಆದರೆ ಆ ಹೆಸರಿನ ಹಳೆಯ ಕಪ್ಪು–ಬಿಳುಪು ಚಿತ್ರಗಳನ್ನು ಚಿತ್ರಮಂದಿರದಲ್ಲಿ ಕುಳಿತು ನೋಡಿದವರು ಇನ್ನೂ ವಿರಳ. ಇಂದು ಅವುಗಳನ್ನು ಬಲ್ಲವರಲ್ಲಿ ಬಹುಪಾಲು ಮಂದಿ ನೋಡಿರುವುದು ಮನೆಯ ಟಿ.ವಿ.ಯಲ್ಲಿ, ವೀಡಿಯೊ ಕ್ಯಾಸೆಟ್ಟಿನಲ್ಲಿ, ಡಿಸ್ಕಿನಲ್ಲಿ, ಇಲ್ಲವೇ ಮೊಬೈಲಿನಲ್ಲಿ. ಕತ್ತಲ ಸಭಾಂಗಣಕ್ಕೆಂದೇ ತಯಾರಾದ ಈ ಚಿತ್ರಗಳು ದೀಪ ಉರಿಯುವ ನಡುಮನೆಗೆ ಬಂದದ್ದು ಹೇಗೆ? ಬರುವ ದಾರಿಯಲ್ಲಿ ಪಡೆದದ್ದೇನು, ಕಳೆದುಕೊಂಡದ್ದೇನು?

ಬರ್ಲಿನ್ನಿನ ನೆರಳು

ಭಯಾನಕ ಚಿತ್ರಗಳ ನೆರಳು–ಬೆಳಕಿನ ಭಾಷೆ ರೂಪುಗೊಂಡದ್ದು ಮೊದಲ ಮಹಾಯುದ್ಧದ ನಂತರದ ಜರ್ಮನಿಯಲ್ಲಿ. 1920ರ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕಾಲಿಗರಿ’ ಚಿತ್ರದಲ್ಲಿ ಸೆಟ್ಟಿನ ಮೇಲೆಯೇ ಬಣ್ಣದಿಂದ ನೆರಳುಗಳನ್ನು ಬರೆಯಲಾಗಿತ್ತು. ಎರಡು ವರ್ಷಗಳ ನಂತರ ಮುರ್ನೌ ನಿರ್ದೇಶಿಸಿದ ‘ನೊಸ್ಫೆರಾಟು’ ಬಂತು. ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕಾಗಿ ಲೇಖಕ ಬ್ರಾಮ್ ಸ್ಟೋಕರ್‌ನ ವಿಧವೆ ದಾವೆ ಹೂಡಿದರು. ಪ್ರತಿಗಳನ್ನೆಲ್ಲ ನಾಶಪಡಿಸುವಂತೆ 1925ರಲ್ಲಿ ಜರ್ಮನಿಯ ನ್ಯಾಯಾಲಯ ಆದೇಶಿಸಿತು. ಅಲ್ಲಲ್ಲಿ ಉಳಿದುಕೊಂಡ ಪ್ರತಿಗಳಿಂದಾಗಿ ಚಿತ್ರ ಬದುಕಿತು.

‘ಮೆಟ್ರೊಪೊಲಿಸ್’ ಚಿತ್ರದ ಛಾಯಾಗ್ರಾಹಕರಲ್ಲಿ ಒಬ್ಬನಾದ ಕಾರ್ಲ್ ಫ್ರಾಯ್ಂಡ್ ಮುಂದೆ ಅಮೆರಿಕಕ್ಕೆ ಹೋದ. ಯೂನಿವರ್ಸಲ್ ಕಂಪೆನಿಯ 1931ರ ‘ಡ್ರಾಕುಲಾ’ಗೆ ಕ್ಯಾಮೆರಾ ಹಿಡಿದವನು ಆತನೇ. ಅದೇ ವರ್ಷದ ಕೊನೆಯಲ್ಲಿ ಬೋರಿಸ್ ಕಾರ್ಲಾಫ್ ನಟಿಸಿದ ‘ಫ್ರಾಂಕೆನ್‌ಸ್ಟೈನ್’ ತೆರೆ ಕಂಡಿತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲಂತೂ ಜರ್ಮನಿ ಬಿಟ್ಟು ಹೊರಟ ಯಹೂದಿ ಚಿತ್ರಕರ್ಮಿಗಳ ಜೊತೆಗೆ ಈ ನೆರಳೂ ಹಾಲಿವುಡ್ ಸೇರಿತು.

ದೆವ್ವ ಮತ್ತು ಪತ್ತೇದಾರ

ಅಲ್ಲಿ ಅದಕ್ಕೆ ಇನ್ನೊಂದು ಕೆಲಸ ಸಿಕ್ಕಿತು. 1940ರ ದಶಕದ ಅಪರಾಧ ಚಿತ್ರಗಳಲ್ಲಿ ದೆವ್ವವಿಲ್ಲ. ಅಲ್ಲಿರುವುದು ಮಳೆ ನೆಂದ ಬೀದಿ, ಕಿಟಕಿಯ ಪಟ್ಟಿಗಳಿಂದ ಗೋಡೆಗೆ ಬಿದ್ದ ಗೆರೆ ಗೆರೆ ಬೆಳಕು, ದುರಾಸೆಗೆ ಬಿದ್ದ ಸಾಮಾನ್ಯ ಮನುಷ್ಯ. ಯುದ್ಧ ಕಾಲದಲ್ಲಿ ಅಮೆರಿಕನ್ ಚಿತ್ರಗಳಿಂದ ವಂಚಿತವಾಗಿದ್ದ ಪ್ಯಾರಿಸ್, 1946ರಲ್ಲಿ ‘ದಿ ಮಾಲ್ಟೀಸ್ ಫಾಲ್ಕನ್’, ‘ಡಬಲ್ ಇಂಡೆಮ್ನಿಟಿ’ ಮೊದಲಾದವನ್ನು ಒಟ್ಟೊಟ್ಟಿಗೆ ಕಂಡಿತು. ಆಗ ವಿಮರ್ಶಕ ನೀನೊ ಫ್ರಾಂಕ್ ಬಳಸಿದ ಮಾತು ‘ಫಿಲ್ಮ್ ನ್ವಾರ್’, ಅಂದರೆ ‘ಕಪ್ಪು ಚಿತ್ರ’. ಆ ಹೆಸರೇ ನಿಂತಿತು.

ಈ ಎರಡು ಬಗೆಗಳ ನಂಟು ಬರಿಯ ಹೋಲಿಕೆಯದಲ್ಲ, ಕೆಲಸ ಮಾಡಿದ ಕೈಗಳೇ ಒಂದು. 1943ರಲ್ಲಿ ‘ಸನ್ ಆಫ್ ಡ್ರಾಕುಲಾ’ ನಿರ್ದೇಶಿಸಿದ ರಾಬರ್ಟ್ ಸಿಯೊಡ್ಮಾಕ್ ಮೂರು ವರ್ಷಗಳಲ್ಲಿ ‘ದಿ ಕಿಲ್ಲರ್ಸ್’ ಎಂಬ ನ್ವಾರ್ ಚಿತ್ರ ಕೊಟ್ಟ. 1942ರ ‘ಕ್ಯಾಟ್ ಪೀಪಲ್’ ಮತ್ತು 1947ರ ‘ಔಟ್ ಆಫ್ ದಿ ಪಾಸ್ಟ್’, ಎರಡಕ್ಕೂ ಜಾಕ್ ಟೂರ್ನರ್ ನಿರ್ದೇಶಕ, ನಿಕೊಲಸ್ ಮುಸುರಾಕಾ ಛಾಯಾಗ್ರಾಹಕ.

‘ಕ್ಯಾಟ್ ಪೀಪಲ್’ಗೆ ಖರ್ಚಾದದ್ದು ಒಂದೂವರೆ ಲಕ್ಷ ಡಾಲರಿಗೂ ಕಡಿಮೆ. ಬೇರೊಂದು ಚಿತ್ರಕ್ಕೆ ಕಟ್ಟಿದ್ದ ಮೆಟ್ಟಿಲಿನ ಸೆಟ್ಟನ್ನೇ ಇದಕ್ಕೂ ಬಳಸಿಕೊಂಡರು. ರಾತ್ರಿ ಈಜುಕೊಳದಲ್ಲಿ ಹೆಣ್ಣೊಬ್ಬಳು ಒಂಟಿಯಾಗಿದ್ದಾಳೆ. ನೀರಿನ ಬೆಳಕು ಗೋಡೆಯ ಮೇಲೆ ತೂಗಾಡುತ್ತದೆ, ಎಲ್ಲಿಂದಲೋ ಗುರುಗುಟ್ಟುವ ಸದ್ದು. ಮೃಗವನ್ನು ಸರಿಯಾಗಿ ತೋರಿಸುವುದೇ ಇಲ್ಲ. ಕತ್ತಲು ಸೆಟ್ಟಿನ ಬಡತನವನ್ನು ಮುಚ್ಚಿತು, ಉಳಿದುದನ್ನು ಪ್ರೇಕ್ಷಕನ ಮನಸ್ಸೇ ತುಂಬಿಕೊಂಡಿತು.

ಹಳೆ ಸಾಮಾನಿನ ಮಾರಾಟ

1950ರ ದಶಕದ ಹೊತ್ತಿಗೆ ಚಿತ್ರಮಂದಿರಗಳಿಗೆ ಈ ಚಿತ್ರಗಳು ಹೆಚ್ಚುಕಡಿಮೆ ಬೇಡವಾಗಿದ್ದವು. ಆದರೆ ಟಿ.ವಿ. ನಿಲಯಗಳಿಗೆ ಸರಿರಾತ್ರಿಯ ವೇಳೆ ತುಂಬಿಸಲು ಅಗ್ಗದ ಸರಕು ಬೇಕಿತ್ತು. 1957ರಲ್ಲಿ ಸ್ಕ್ರೀನ್ ಜೆಮ್ಸ್ ಎಂಬ ಸಂಸ್ಥೆ ಯೂನಿವರ್ಸಲ್‌ನ 52 ಹಳೆಯ ಚಿತ್ರಗಳನ್ನು ‘ಶಾಕ್’ ಎಂಬ ಹೆಸರಿನಲ್ಲಿ ಒಂದೇ ಗಂಟಾಗಿ ಟಿ.ವಿ. ನಿಲಯಗಳಿಗೆ ಒದಗಿಸಿತು. ಸ್ಥಳೀಯ ನಿಲಯಗಳು ಪಿಶಾಚಿಯ ವೇಷದ ನಿರೂಪಕರನ್ನು ಕೂರಿಸಿ ಇವನ್ನು ತೋರಿಸಿದವು. ಈ ಪದ್ಧತಿಗೆ ದಾರಿ ಹಾಕಿದವಳು 1954ರಲ್ಲಿ ಲಾಸ್ ಏಂಜಲೀಸ್‌ನ ನಿಲಯವೊಂದರಲ್ಲಿ ‘ವ್ಯಾಂಪೈರಾ’ ಆಗಿ ಕಾಣಿಸಿಕೊಂಡ ಮೈಲಾ ನುರ್ಮಿ. ತಂದೆ–ತಾಯಿ ನೋಡಿ ಮರೆತಿದ್ದ ಚಿತ್ರಗಳಿಗೆ ಮಕ್ಕಳು ಮುಗಿಬಿದ್ದರು.

ಇಲ್ಲೊಂದು ವಿಚಿತ್ರವಿದೆ. ‘ಡ್ರಾಕುಲಾ’ಗೆ ಕತ್ತಲು ಕೊಟ್ಟ ಕಾರ್ಲ್ ಫ್ರಾಯ್ಂಡ್‌ನೇ 1951ರಲ್ಲಿ ‘ಐ ಲವ್ ಲೂಸಿ’ ಎಂಬ ಟಿ.ವಿ. ಹಾಸ್ಯ ಧಾರಾವಾಹಿಗೆ ಛಾಯಾಗ್ರಾಹಕನಾದ. ಮೂರು ಕ್ಯಾಮೆರಾಗಳು ಒಟ್ಟಿಗೆ ಓಡಬೇಕಾದುದರಿಂದ ಇಡೀ ಸೆಟ್ಟಿಗೆ ಸಮನಾದ ಬೆಳಕು ಹಾಯಿಸಿದ. ನೆರಳೇ ಬೀಳದ ಆ ಬೆಳಕು ಟಿ.ವಿ. ಹಾಸ್ಯಕ್ಕೆ ಮಾದರಿಯಾಯಿತು.

ಕ್ಯಾಸೆಟ್ಟಿನ ಕಾಲದಲ್ಲಿ ಜಗಳ ನ್ಯಾಯಾಲಯಕ್ಕೇ ಹೋಯಿತು. ಮನೆಯಲ್ಲಿ ಟಿ.ವಿ. ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುವ ಯಂತ್ರದ ವಿರುದ್ಧ ಯೂನಿವರ್ಸಲ್ ಕಂಪೆನಿ 1976ರಲ್ಲಿ ಸೋನಿಯ ಮೇಲೆ ದಾವೆ ಹೂಡಿತು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಸೋನಿಯ ಪರ ತೀರ್ಪಿತ್ತಿತು. ಕ್ಯಾಸೆಟ್ಟು ಮುಂದೆ ಕಂಪೆನಿಗಳಿಗೇ ಆದಾಯದ ದಾರಿಯಾಯಿತು. ‘ಫ್ರಾಂಕೆನ್‌ಸ್ಟೈನ್’ನಲ್ಲಿ ದೈತ್ಯ ಪುಟ್ಟ ಹುಡುಗಿಯನ್ನು ಕೊಳಕ್ಕೆ ಎಸೆಯುವ ದೃಶ್ಯಕ್ಕೆ ಹಿಂದೆ ಕತ್ತರಿ ಬಿದ್ದಿತ್ತು. ಅದು ಮರಳಿ ಚಿತ್ರ ಸೇರಿದ್ದೂ 1980ರ ದಶಕದಲ್ಲಿ, ಮನೆಯ ವೀಡಿಯೊಗಾಗಿ.

ಅದೇ ದಶಕದಲ್ಲಿ ಇನ್ನೊಂದು ಗಂಡಾಂತರ ಎದುರಾಯಿತು. ಟಿ.ವಿ. ಪ್ರೇಕ್ಷಕರಿಗೆ ಕಪ್ಪು–ಬಿಳುಪು ಹಿಡಿಸದೆಂದು ಕಂಪ್ಯೂಟರ್ ಮೂಲಕ ಬಣ್ಣ ಹಚ್ಚತೊಡಗಿದರು. ತಮ್ಮ ‘ದಿ ಮಾಲ್ಟೀಸ್ ಫಾಲ್ಕನ್’ಗೂ ಬಣ್ಣ ಬಳಿದಾಗ, 1986ರಲ್ಲಿ, ವೃದ್ಧ ನಿರ್ದೇಶಕ ಜಾನ್ ಹ್ಯೂಸ್ಟನ್ ಬಹಿರಂಗವಾಗಿ ಪ್ರತಿಭಟಿಸಿದರು. ಬೇಡದವರು ಟಿ.ವಿ.ಯ ಬಣ್ಣದ ಗುಂಡಿ ತಿರುಗಿಸಿಕೊಳ್ಳಲಿ ಎಂಬುದು ಬಣ್ಣದ ಪರ ಇದ್ದವರ ವಾದ. 1988ರಲ್ಲಿ ಚಿತ್ರ ಸಂರಕ್ಷಣೆಯ ಕಾಯ್ದೆ ಬಂತು. ಮರುವರ್ಷ ರಾಷ್ಟ್ರೀಯ ಪಟ್ಟಿಗೆ ಸೇರಿದ ಮೊದಲ 25 ಚಿತ್ರಗಳಲ್ಲಿ ಹ್ಯೂಸ್ಟನ್ನರ ಚಿತ್ರವೂ ಒಂದು.

ಮೈಸೂರಿನ ಕಣ್ಣು

ಜರ್ಮನಿಯ ನೆರಳು ಭಾರತಕ್ಕೂ ನೇರವಾಗಿ ಬಂದಿತ್ತು. ಬಾಂಬೆ ಟಾಕೀಸ್‌ಗೆ ದುಡಿದ ಜರ್ಮನ್ ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ 1949ರ ‘ಮಹಲ್’ ಚಿತ್ರದ ಪಾಳು ಬಂಗಲೆಗೆ ಬೆಳಕು ಕೊಟ್ಟರು. ಗುರುದತ್ ನಿರ್ಮಾಣದ 1956ರ ‘ಸಿ.ಐ.ಡಿ.’ ಎಂಬ ಅಪರಾಧ ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ.

ನೋಡುವ ಬಗೆ

ಮನೆ ಈ ಚಿತ್ರಗಳನ್ನು ಮರೆವಿನಿಂದ ಉಳಿಸಿತು. ಆದರೆ ಅವುಗಳ ಕತ್ತಲನ್ನು ಉಳಿಸುವ ಕೆಲಸ ಈಗ ನೋಡುವವರ ಪಾಲಿಗೆ ಬಂದಿದೆ. ಅದು ಕಷ್ಟದ್ದೇನಲ್ಲ. ಆ ಕಾಲದ ಚೌಕಟ್ಟು ಬಹುತೇಕ ಚೌಕ. ಅಗಲ ಪರದೆ ತುಂಬಲೆಂದು ಎಳೆದರೆ ಮುಖಗಳು ಚಪ್ಪಟೆಯಾಗುತ್ತವೆ, ಆದ್ದರಿಂದ ಅಕ್ಕಪಕ್ಕದ ಕಪ್ಪು ಜಾಗ ಹಾಗೆಯೇ ಇರಲಿ. ಸೆಕೆಂಡಿಗೆ 24 ಚಿತ್ರಗಳ ನಡುವೆ ಇಲ್ಲದ ಚಿತ್ರಗಳನ್ನು ಸೇರಿಸಿ ಚಲನೆಯನ್ನು ನುಣುಪಾಗಿಸುವ ಸೌಲಭ್ಯ ಇಂದಿನ ಟಿ.ವಿ.ಗಳಲ್ಲಿದೆ, ಅದನ್ನು ಆರಿಸಬೇಕು. ಅಂಗಡಿಯಲ್ಲಿ ಕಣ್ಸೆಳೆಯಲು ಏರಿಸಿಟ್ಟ ಹೊಳಪನ್ನು ಇಳಿಸಬೇಕು. ಕೊನೆಯದಾಗಿ ಕೋಣೆಯ ದೀಪ. ಅದು ಉರಿಯುತ್ತಿದ್ದರೆ ‘ಕ್ಯಾಟ್ ಪೀಪಲ್’ನ ಈಜುಕೊಳದ ಗೋಡೆಯ ಮೇಲೆ ಕಾಣುವುದು ಮೃಗದ ನೆರಳಲ್ಲ, ನಡುಮನೆಯ ಟ್ಯೂಬ್‌ಲೈಟಿನ ಪ್ರತಿಬಿಂಬ.